3060 ಮತ್ತು 4060: ಎರಡು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಮನೆಯಲ್ಲೇ ಹೋಲಿಸಿ ನೋಡುವುದು ಹೇಗೆ

ಶಿವಮೊಗ್ಗದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. ನನ್ನ ಕಂಪ್ಯೂಟರಿನಲ್ಲಿರುವ ಗ್ರಾಫಿಕ್ಸ್ ಕಾರ್ಡ್ ಎನ್‌ವಿಡಿಯಾ ಆರ್‌ಟಿಎಕ್ಸ್ 3060, 12 ಜಿಬಿ ಮೆಮೊರಿಯದು. ದಸರಾ ರಜೆಗೆ ಬಂದ ಅಕ್ಕನ ಮಗ ತನ್ನ ಕಂಪ್ಯೂಟರನ್ನೂ ಕಾರಿನಲ್ಲಿ ಹಾಕಿಕೊಂಡು ಬಂದಿದ್ದ. ಅವನದು 4060, 8 ಜಿಬಿ. "ಮಾವ, ನನ್ನದು ಹೊಸ ಜನರೇಷನ್. ನಿಮ್ಮದಕ್ಕಿಂತ ಫಾಸ್ಟ್" ಎಂದ. ಸೀಸನ್ ಶುರುವಾಗುವ ಮುಂಚೆ ಕಾರ್ಡ್ ಬದಲಿಸಲೋ ಬೇಡವೋ ಅಂತ ನಾನೂ ಯೋಚಿಸುತ್ತಿದ್ದೆ. ಎರಡು ದಿನ ಕೂತು ಅಳೆದೇ ನೋಡಿದೆವು. ನೀವೂ ಮಾಡಬಹುದು, ಹೀಗೆ.

ಮೊದಲು ಡಬ್ಬಿಯ ಮೇಲಿನ ಅಂಕಿಗಳು. 3060 ಬಂದಿದ್ದು 2021ರ ಫೆಬ್ರವರಿಯಲ್ಲಿ, 4060 2023ರ ಜೂನ್‌ನಲ್ಲಿ. ಹಳೆಯದರಲ್ಲಿ ಲೆಕ್ಕ ಮಾಡುವ ಪುಟ್ಟ ಘಟಕಗಳು, ಅಂದರೆ ಕುಡಾ ಕೋರ್, 3584; ಹೊಸದರಲ್ಲಿ 3072. ಹಳೆಯದರ ಮೆಮೊರಿ ಸೆಕೆಂಡಿಗೆ 360 ಜಿಬಿ ಸಾಗಿಸುತ್ತದೆ, ಹೊಸದು 272. ಇಷ್ಟೇ ನೋಡಿದರೆ ಹಳೆಯದೇ ಗೆಲ್ಲಬೇಕು, ಅಲ್ವಾ? ಆದರೆ 1080ಪಿ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಹೊಸದೇ ಮುಂದೆ. ಕಾರಣ ಎರಡು. ಹೊಸದರ ಬೂಸ್ಟ್ ಕ್ಲಾಕ್, ಅಂದರೆ ಕೋರ್‌ಗಳು ಓಡುವ ವೇಗ, 2460 ಮೆಗಾಹರ್ಟ್ಸ್, ಹಳೆಯದರದು 1777. ಹೊಸದರ ಎಲ್2 ಕ್ಯಾಶ್, ಅಂದರೆ ಚಿಪ್ಪಿನೊಳಗಿನ ಪುಟ್ಟ ಮೆಮೊರಿ, 24 ಎಂಬಿ, ಹಳೆಯದರದು ಬರೀ 3 ಎಂಬಿ. ಕ್ಯಾಶ್ ದೊಡ್ಡದಿದ್ದರೆ ಪದೇ ಪದೇ ಮೆಮೊರಿಯ ಕಡೆ ಓಡಬೇಕಾಗಿಲ್ಲ. ಹಾಗಾಗಿ ಬೇರೆ ಬೇರೆ ಜನರೇಷನ್ನಿನ ಕೋರ್ ಎಣಿಕೆಯನ್ನು ಪಕ್ಕಪಕ್ಕ ಇಟ್ಟು ತೂಗಬೇಡಿ.

ಮೊದಲ ದಿನ ನಾವು ಒಂದು ತಪ್ಪು ಮಾಡಿದೆವು. ಅವನ ಕಂಪ್ಯೂಟರಿನಲ್ಲಿ ಅವನ ಕಾರ್ಡ್, ನನ್ನದರಲ್ಲಿ ನನ್ನದು ಓಡಿಸಿ ಅಂಕಿ ಬರೆದುಕೊಂಡೆವು. ಅದು ಕಾರ್ಡ್‌ಗಳ ಹೋಲಿಕೆ ಆಗಲೇ ಇಲ್ಲ. ಅವನ ಪ್ರೊಸೆಸರ್ ಬೇರೆ, ರ‍್ಯಾಮ್ ಬೇರೆ. ಎರಡೂ ಕಾರ್ಡ್‌ಗಳು ಒಂದೇ ಕ್ಯಾಬಿನೆಟ್ಟಿನಲ್ಲಿ, ಒಂದಾದ ಮೇಲೊಂದು ಕೂರಬೇಕು. ಬದಲಾಗಬೇಕಾದ್ದು ಕಾರ್ಡ್ ಒಂದೇ.

ಬದಲಿಸುವಾಗ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಹೋಗುತ್ತದೆ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಕೆಲಸ ಶುರು ಮಾಡಿ. ಸ್ಲಾಟಿನ ತುದಿಯ ಲಾಕ್ ಬಿಡಿಸದೆ ಕಾರ್ಡ್ ಎಳೆಯಬೇಡಿ. ಎರಡೂ ಎನ್‌ವಿಡಿಯಾ ಆದ್ದರಿಂದ ನಮಗೆ ಒಂದೇ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಸಾಕಾಯಿತು. ಒಂದು ಎಎಮ್‌ಡಿ ಆಗಿದ್ದರೆ, ನಡುವೆ ಡಿಡಿಯು ಎಂಬ ಉಚಿತ ತಂತ್ರಾಂಶದಿಂದ ಹಳೆಯ ಡ್ರೈವರ್ ಪೂರ್ತಿ ತೆಗೆದುಬಿಡಿ.

ಅಳೆಯಲು ಎಮ್‌ಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಸಾಕು. ಉಚಿತ, ಯಾವ ಕಂಪನಿಯ ಕಾರ್ಡಿಗೂ ಆಗುತ್ತದೆ. ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್), ಜಿಪಿಯು ಬಳಕೆ (ಕಾರ್ಡಿನ ಚಿಪ್ ಶೇಕಡಾ ಎಷ್ಟು ದುಡಿಯುತ್ತಿದೆ), ಬಿಸಿ, ಮೆಮೊರಿ, ವ್ಯಾಟ್ ಎಲ್ಲ ಕಾಣುವಂತೆ ಇಟ್ಟುಕೊಳ್ಳಿ. ಗೇಮಿಗೆ ಸೈಬರ್‌ಪಂಕ್ 2077 ಆರಿಸಿದೆವು. ಅದರೊಳಗೇ ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯುವ ಓಟ, ಇದೆ, ಪ್ರತಿ ಸಲವೂ ಅದೇ ದಾರಿಯಲ್ಲಿ ಹೋಗುತ್ತದೆ. ಕೈಯಲ್ಲಿ ಆಡಿ ಅಳೆದರೆ ಎರಡು ಸಲ ಒಂದೇ ಥರ ಆಡಲು ಯಾರಿಗೂ ಆಗುವುದಿಲ್ಲ.

ಮೊದಲ ಓಟದಲ್ಲಿ ಎರಡೂ ಕಾರ್ಡ್‌ಗಳಿಗೆ ಸರಿಯಾಗಿ 60 ಬಂತು. ವಿ-ಸಿಂಕ್ ಆನ್ ಇತ್ತು. ಅದು ಮಾನಿಟರಿನ ವೇಗಕ್ಕೆ ಕಾರ್ಡನ್ನು ಕಟ್ಟಿಹಾಕುತ್ತದೆ. ಆಫ್ ಮಾಡಿದೆವು. ಆಮೇಲೂ ವ್ಯತ್ಯಾಸ ತೀರಾ ಕಡಿಮೆ. ಮೂಲೆಯ ಅಂಕಿ ನೋಡಿದರೆ 4060 ಪೂರ್ತಿ ದುಡಿಯುತ್ತಲೇ ಇರಲಿಲ್ಲ. ನನ್ನ ರೈಜನ್ 5 3600 ಪ್ರೊಸೆಸರ್ ಅದಕ್ಕೆ ಬೇಕಾದಷ್ಟು ಕೆಲಸ ಒದಗಿಸುತ್ತಿರಲಿಲ್ಲ. ಇದನ್ನು ಚೆನ್ನಾಗಿ ನೆನಪಿಡಿ: ಜಿಪಿಯು ಬಳಕೆ 95ರ ಮೇಲೆ ಇಲ್ಲದಿದ್ದರೆ ನೀವು ಅಳೆಯುತ್ತಿರುವುದು ಕಾರ್ಡನ್ನಲ್ಲ, ಪ್ರೊಸೆಸರನ್ನು. ರೆಸಲ್ಯೂಷನ್ 1440ಪಿಗೆ ಏರಿಸಿದೆವು. ಬಳಕೆ 98, 99ಕ್ಕೆ ಹೋಯಿತು. ಆಗ ಅಂಕಿಗಳು ಬೇರೆಯಾದವು.

ಚಿತ್ರವನ್ನು ಕಡಿಮೆ ರೆಸಲ್ಯೂಷನ್ನಿನಲ್ಲಿ ಮಾಡಿ ಆಮೇಲೆ ದೊಡ್ಡದು ಮಾಡುವ ಡಿಎಲ್‌ಎಸ್‌ಎಸ್ ಕೂಡ ಆಫ್ ಇರಲಿ. ಅದರ ಜೊತೆ ಬರುವ ಎನ್‌ವಿಡಿಯಾದ ಫ್ರೇಮ್ ಜನರೇಷನ್ ಅಂತೂ ಬೇಡವೇ ಬೇಡ. 4060ಯಲ್ಲಿ ಅದು ಇದೆ, 3060ಯಲ್ಲಿ ಇಲ್ಲ. ಎರಡು ನಿಜವಾದ ಫ್ರೇಮ್‌ಗಳ ನಡುವೆ ಒಂದನ್ನು ತಾನೇ ಹುಟ್ಟಿಸಿ ಸೇರಿಸುತ್ತದೆ. ನೋಡಲು ನುಣುಪಾಗಿರುತ್ತದೆ, ನಿಜ. ಆದರೆ ಮೌಸ್ ಕದಲಿಸಿದಾಗಿನ ಸ್ಪಂದನೆ ಅಷ್ಟು ಬೇಗ ಆಗುವುದಿಲ್ಲ. ಬೇಕಿದ್ದರೆ ಆ ಅಂಕಿಯನ್ನು ಬೇರೆ ಕಾಲಮ್ಮಿನಲ್ಲಿ ಬರೆದುಕೊಳ್ಳಿ.

ಹತ್ತು ಹದಿನೈದು ನಿಮಿಷ ಓಡಿಸಿ ಕಾರ್ಡ್ ಬಿಸಿಯಾದ ಮೇಲೆ ಅಳೆಯಿರಿ. ತಣ್ಣಗಿರುವಾಗ ಕ್ಲಾಕ್ ಜಾಸ್ತಿ ಇರುತ್ತದೆ. ನಾಲ್ಕು ಸಲ ಓಡಿಸಿ, ಮೊದಲನೆಯದನ್ನು ಬಿಟ್ಟುಬಿಡಿ, ಉಳಿದ ಮೂರರಲ್ಲಿ ನಡುವಿನದನ್ನು ಇಟ್ಟುಕೊಳ್ಳಿ. ಸರಾಸರಿ ಎಫ್‌ಪಿಎಸ್ ಜೊತೆ "1% ಲೋ", ಅಂದರೆ ತೀರಾ ನಿಧಾನವಾದ ಶೇಕಡಾ ಒಂದು ಫ್ರೇಮ್‌ಗಳ ಎಫ್‌ಪಿಎಸ್ ಅನ್ನೂ ಬರೆಯಿರಿ. 60 ಎಫ್‌ಪಿಎಸ್ ಅಂದರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ನಡುನಡುವೆ ಒಂದೊಂದು ಫ್ರೇಮ್ 50 ಮಿಲಿಸೆಕೆಂಡ್ ತಗೊಂಡರೆ ಸರಾಸರಿ ಹೆಚ್ಚು ಅಲ್ಲಾಡುವುದಿಲ್ಲ, ಕಣ್ಣಿಗೆ ಮಾತ್ರ ಜರ್ಕ್ ಹೊಡೆದದ್ದು ಗೊತ್ತಾಗುತ್ತದೆ. ಅದನ್ನು ಹಿಡಿದುಕೊಡುವುದೇ 1% ಲೋ.

ಗೇಮಿನಲ್ಲಿ ಅಳಿಯನ ಕಾರ್ಡೇ ಗೆದ್ದಿತು. ಆದರೆ ನನಗೆ ಬೇಕಾದದ್ದು ಇನ್ನೊಂದು ಪರೀಕ್ಷೆ. ಕಲ್ಯಾಣ ಮಂಟಪದ ಮಂದ ಬೆಳಕಿನಲ್ಲಿ ತೆಗೆದ 4ಕೆ ವಿಡಿಯೊ, ಎರಡು ನಿಮಿಷದ್ದು. ಬಣ್ಣ ಸರಿಪಡಿಸುವುದಷ್ಟೇ ಇದ್ದಾಗ 4060 ಬೇಗ ಮುಗಿಸಿತು. ಅದರ ಮೇಲೆ ನಾಯ್ಸ್ ತೆಗೆಯುವ ಫಿಲ್ಟರ್‌ಗಳನ್ನು ಪೇರಿಸಿದಾಗ 8 ಜಿಬಿ ತುಂಬಿತು, ಕೆಲಸ ಎಳೆಯತೊಡಗಿತು. ನನ್ನ 12 ಜಿಬಿಯಲ್ಲಿ ಇನ್ನೂ ಜಾಗ ಇತ್ತು.

ಇಲ್ಲೊಂದು ಸೂಕ್ಷ್ಮ ಇದೆ. ಕಾರ್ಡಿನ ಮೆಮೊರಿ ತುಂಬಿದರೆ ಮಿಕ್ಕಿದ್ದು ಸ್ಲಾಟಿನ ಮೂಲಕ ಕಂಪ್ಯೂಟರಿನ ರ‍್ಯಾಮಿಗೆ ಹೋಗುತ್ತದೆ. 4060 ಸ್ಲಾಟಿನ 16 ಲೇನ್‌ಗಳಲ್ಲಿ (ಡೇಟಾ ಓಡಾಡುವ ದಾರಿಗಳು) 8 ಮಾತ್ರ ಬಳಸುತ್ತದೆ. ನನ್ನ ಬಿ450 ಮದರ್‌ಬೋರ್ಡಿನ ಸ್ಲಾಟ್ ಪಿಸಿಐಇ 3.0, ಹಳೆಯ ವೇಗದ್ದು. ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ ಮಾತ್ರ. ಕಾರ್ಡಿನೊಳಗಿನ 272 ಎಲ್ಲಿ, ಈ 8 ಎಲ್ಲಿ! ಹಳೆಯ ಬೋರ್ಡ್ ಇರುವವರು ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದು 'ಬಸ್ ಇಂಟರ್‌ಫೇಸ್' ಸಾಲು ನೋಡಿಕೊಳ್ಳಿ. ಕಾರ್ಡ್ ಸುಮ್ನೆ ಕೂತಿರುವಾಗ ಆ ಸಾಲು ಕಡಿಮೆ ತೋರಿಸುತ್ತದೆ. ಪಕ್ಕದ ಪ್ರಶ್ನೆ ಗುರುತು ಒತ್ತಿ ಸ್ವಲ್ಪ ಕೆಲಸ ಕೊಟ್ಟರೆ ನಿಜ ಗೊತ್ತಾಗುತ್ತದೆ.

ಕರೆಂಟಿನ ಲೆಕ್ಕವನ್ನೂ ಹಾಕಿ. 3060ಗೆ 170 ವ್ಯಾಟ್, 4060ಗೆ 115. ದಿನಕ್ಕೆ 8 ಗಂಟೆ ಪೂರ್ತಿ ದುಡಿದರೂ ತಿಂಗಳ 25 ದಿನಕ್ಕೆ ವ್ಯತ್ಯಾಸ 11 ಯೂನಿಟ್. ನನಗೆ ಅದು ಭಾರವಲ್ಲ. 4060 ಹೊಸ ವಿಡಿಯೊ ಫಾರ್ಮ್ಯಾಟ್ ಎವಿ1ರಲ್ಲಿ ಎನ್‌ಕೋಡ್ ಮಾಡುತ್ತದೆ, 3060 ಮಾಡುವುದಿಲ್ಲ. ಆದರೆ ನನ್ನ ಗಿರಾಕಿಗಳು ಪೆನ್‌ಡ್ರೈವ್ ತಗೊಂಡು ಹೋಗಿ ಟಿವಿಗೆ ಹಾಕಿ ನೋಡುವವರು. ಎಲ್ಲ ಟಿವಿಯಲ್ಲೂ ಓಡಬೇಕು ಅಂತ ನಾನು ಎಚ್.264ರಲ್ಲೇ ಕೊಡುವುದು.

ಈ ಸೀಸನ್ನಿಗೆ ನನ್ನ 3060 ಹಾಗೇ ಇರಲಿ ಎಂದು ತೀರ್ಮಾನಿಸಿದೆ. ಅಳೆದ ಹಾಳೆಯನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ: ದಿನಾಂಕ, ಡ್ರೈವರ್ ವರ್ಷನ್, ಸೆಟ್ಟಿಂಗ್, ಮೂರು ಮೂರು ಅಂಕಿ. ಆ ಎರಡು ನಿಮಿಷದ ವಿಡಿಯೊವನ್ನೂ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಮುಂದೆ ಯಾವ ಕಾರ್ಡ್ ಕೈಗೆ ಸಿಕ್ಕಿದರೂ ಅದೇ ವಿಡಿಯೊ, ಅದೇ ಫಿಲ್ಟರ್.