ಚೆಕ್ಕಿನ ಎಂಟು ಚೌಕದೊಳಗೆ ತಾರೀಕು ಕೂರಿಸಿದ್ದು

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಮಾಲು ಬರತೊಡಗಿದರೆ ಬೆಳೆಗಾರರಿಗೆ, ಲಾರಿಯವರಿಗೆ ಅಂತ ಚೆಕ್ಕು ಬರೆಯುವುದೇ ದಿನದ ಅರ್ಧ ಕೆಲಸ. ಸಿಟಿಎಸ್-2010 ನಮೂನೆಯ, ಅಂದರೆ ಕಾಗದದ ಬದಲು ಅದರ ಚಿತ್ರ ಕಳಿಸಿ ಬ್ಯಾಂಕುಗಳು ಹಣ ಚುಕ್ತಾ ಮಾಡುವ ಚೆಕ್ಕಿನಲ್ಲಿ ಹೆಸರು, ಮೊತ್ತ ತಿದ್ದಿ ಪಕ್ಕದಲ್ಲಿ ಸಹಿ ಹಾಕುವ ಹಳೇ ರೂಢಿ ನಡೆಯುವುದಿಲ್ಲ, ಹೊಸ ಹಾಳೆಯೇ ಬೇಕು. ಹಾಗಾಗಿ ಪ್ರಿಂಟಿಗೆ ಹೊರಳಿದೆವು.

ಅಕ್ಷರ ಜಾಗ ತಪ್ಪಿದರೆ ಎಲ್ಲರೂ ಮೊದಲು ಸಾಫ್ಟ್‌ವೇರಿನ ಅಕ್ಷರದ ಜಾಗ ಹೇಳುವ ಅಂಕಿ ತಿರುಚಲು ಕೂರುತ್ತಾರೆ. ನಾನು ಕಾಗದದಿಂದ ಶುರು ಮಾಡಿದೆ. ಚೆಕ್ಕಿನ ಅಳತೆಗೆ, ಅಂದರೆ 202 ಮಿ.ಮೀ. ಉದ್ದ, 92 ಮಿ.ಮೀ. ಅಗಲಕ್ಕೆ, ಖಾಲಿ ಹಾಳೆ ಕತ್ತರಿಸಿಕೊಂಡು ಒಂದೇ ಚೆಕ್ಕನ್ನು ಮೂರು ಹಾಳೆಗೆ ಪ್ರಿಂಟ್ ತೆಗೆದೆ. ಮೂರನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ರೋಗ ಎಲ್ಲಿದೆ ಅಂತ ಗೊತ್ತಾಗುತ್ತದೆ. ಮೂರೂ ಒಂದೇ ಕಡೆ ತಪ್ಪಿದ್ದರೆ ಅಂಕಿ ಬದಲಿಸಿದರೆ ಸಾಕು. ಮೂರೂ ಬೇರೆ ಬೇರೆ ಕಡೆ ಬಿದ್ದಿದ್ದರೆ ಕಾಗದವೇ ಅಲುಗಾಡುತ್ತಿದೆ, ನಮ್ಮ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಏನು ಬದಲಿಸಿದರೂ ನೀರಿನಲ್ಲಿ ಹೋಮ.

ಖಾಲಿ ಹಾಳೆಯಲ್ಲಿ ಸರಿ ಬಂದದ್ದು ನಿಜವಾದ ಚೆಕ್ಕಿನಲ್ಲಿ ಕದಲುವುದಕ್ಕೆ ಕಾರಣ ಎಡಗಡೆಯ ಅಂಚು. ಪುಸ್ತಕದಿಂದ ಹರಿದಾಗ ತೂತಿನ ಗೆರೆಯ ನಾರು ಒಂದೊಂದು ಹಾಳೆಗೆ ಒಂದೊಂದು ಥರ ಉಳಿಯುತ್ತದೆ. ಆ ಅಂಚನ್ನು ಮುಂದಿಟ್ಟು ಪ್ರಿಂಟರಿಗೆ ಕೊಟ್ಟರೆ ಅದು ಅಲ್ಲಿಂದಲೇ ಅಳೆಯುತ್ತದೆ. ಬಲಗಡೆಯ ಅಂಚು ಕಾರ್ಖಾನೆಯಲ್ಲೇ ನೇರ ಕತ್ತರಿಸಿದ್ದು. ಅದನ್ನೇ ಮೊದಲು ಒಳಗೆ ಹೋಗುವ ಹಾಗೆ ತಿರುಗಿಸಿ, ಡ್ರೈವರಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರಿನಲ್ಲಿ, 180 ಡಿಗ್ರಿ ತಿರುವು ಹಾಕಿದೆ. ತಾರೀಕಿನ ಚೌಕಗಳು ಬಲ ತುದಿಯಲ್ಲೇ ಇರುವುದರಿಂದ ಅತಿ ಕಟ್ಟುನಿಟ್ಟಾದ ಜಾಗಕ್ಕೆ ಅತಿ ನಂಬಿಕೆಯ ಅಂಚು ಸಿಕ್ಕಿತು.

ಉಳಿದದ್ದು ಡ್ರೈವರಿನ ಕೆಲಸ. ಕಾಗದದ ಅಳತೆ ಎ4 ಅಂತಲೇ ಬಿಟ್ಟರೆ ಟ್ರೇ ನಡುವಿನಿಂದ ಕಾಗದ ಎಳೆಯುವ ಲೇಸರ್ ಪ್ರಿಂಟರಿನಲ್ಲಿ ಎಲ್ಲವೂ ಪಕ್ಕಕ್ಕೆ ಜರುಗುತ್ತದೆ, ಹೊಸ ಅಳತೆ ಸೇರಿಸಲೇಬೇಕು. ಹಾಳೆಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವ ‘ಫಿಟ್ ಟು ಪೇಜ್’ ಆಯ್ಕೆ ತೆಗೆದು ನೂರಕ್ಕೆ ನೂರು ಅಳತೆಯಲ್ಲಿ ಇಡಬೇಕು.

ಅಳತೆ ತೆಗೆಯಲು ಚೆಕ್ಕಿನ ಜೆರಾಕ್ಸ್ ಮಾಡಿಸುವವರಿದ್ದಾರೆ. ಜೆರಾಕ್ಸ್ ಯಂತ್ರಗಳು ಕೂದಲೆಳೆಯಷ್ಟು ಹಿಗ್ಗಿಸುವುದುಂಟು, ಸಾಲದ್ದಕ್ಕೆ ಚೆಕ್ಕಿನಲ್ಲಿ ಅಡಗಿಸಿಟ್ಟ ಅಕ್ಷರಗಳು ಪ್ರತಿಯ ಮೇಲೆ ಎದ್ದು ಕಾಣುತ್ತವೆ. ಸ್ಕೇಲಿಟ್ಟು ಮೂಲ ಹಾಳೆಯನ್ನೇ ಅಳೆದೆ. ನಮ್ಮ ಬ್ಯಾಂಕಿನ ಚೆಕ್ಕಿನಲ್ಲಿ ಒಂದು ಚೌಕ ಸುಮಾರು 5 ಮಿ.ಮೀ. ಇದೆ. ಇಂಚಿಗೆ 10 ಅಕ್ಷರ ಬೀಳುವ ‘ಕೊರಿಯರ್’ ಎಂಬ ಫಾಂಟಿನಲ್ಲಿ ಒಂದು ಅಕ್ಷರದ ಜಾಗ 2.54 ಮಿ.ಮೀ. ಅಂಕಿಗಳ ನಡುವೆ ಒಂದು ಖಾಲಿ ಜಾಗ ಬಿಟ್ಟರೆ 5.08 ಆಯಿತು. ಎಂಟನೇ ಚೌಕಕ್ಕೆ ಬರುವಾಗ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು ಕದಲುತ್ತದೆ, ಅಷ್ಟೇ. ಮೊದಲ ಅಂಕಿಯನ್ನು ಚೌಕದ ನಡುವಿನಿಂದ ಕೂದಲಷ್ಟು ಎಡಕ್ಕೆ ತಂದರೆ ಅದೂ ಕಣ್ಣಿಗೆ ಬೀಳುವುದಿಲ್ಲ.

ಕನ್ನಡದಲ್ಲೂ ಚೆಕ್ಕು ಬರೆಯಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ. ನಮ್ಮ ಯಜಮಾನರಿಗೆ ಅದು ಆಸೆ. ‘ಲಕ್ಷ್ಮಮ್ಮ’ ಅಂತ ಹೆಸರು ಬಂದರೆ ಸಾಕು, ಒತ್ತಕ್ಷರ ಕೆಳಗಿನ ಗೆರೆಯ ಮೇಲೆ ಹತ್ತಿ ಕೂರುತ್ತದೆ. ಕನ್ನಡಕ್ಕೆ ಬೇರೆಯೇ ಒಂದು ನಮೂನೆ ಮಾಡಿ ಹೆಸರಿನ ಸಾಲನ್ನು 1.5 ಮಿ.ಮೀ. ಮೇಲಕ್ಕೆತ್ತಿದೆ, ಅಕ್ಷರದ ಗಾತ್ರವನ್ನೂ ಇಳಿಸಿದೆ. ಮೊತ್ತ ಎರಡನೇ ಸಾಲಿಗೆ ಇಳಿದಾಗ ಸಂಖ್ಯೆ ನಡುವೆ ತುಂಡಾಗದ ಹಾಗೆಯೂ ನೋಡಿಕೊಳ್ಳಬೇಕು. ‘ಒಂದು ಲಕ್ಷ ಇಪ್ಪತ್ತೈದು’ ಅಂತ ಮೊದಲ ಸಾಲು ನಿಂತು, ‘ಸಾವಿರ’ ಕೆಳಗೆ ಹೋದರೆ ಓದುವವರಿಗೆ ಗಲಿಬಿಲಿ.

ತಳದ ಬಿಳಿ ಪಟ್ಟಿಯಲ್ಲಿ ಯಂತ್ರ ಓದುವ ಅಂಕಿಗಳಿರುತ್ತವೆ. ಅಲ್ಲಿಗೆ ಒಂದು ಚುಕ್ಕೆಯೂ ತಾಗಬಾರದು. ಸಹಿ ಜಾಗದ ಮೇಲೆ ಸಂಸ್ಥೆಯ ಹೆಸರನ್ನೂ ಪ್ರಿಂಟ್ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬ್ಯಾಂಕಿನಿಂದ ಹೊಸ ಪುಸ್ತಕ ಬಂದ ದಿನ ಮೊದಲ ಹಾಳೆಗೆ ಸ್ಕೇಲು ಹಿಡಿದು, ಹಳೇ ಅಂಕಿಗಳ ಜೊತೆ ತಾಳೆ ನೋಡಿದ ಮೇಲೇ ಟ್ರೇಗೆ ಹಾಕುತ್ತೇನೆ.