ಹುಬ್ಬೆ ಮಳೆಯ ಮೋಡದಲ್ಲಿ ಗ್ರಹಣ ಹಿಡಿಯುವುದು

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಿದವರಿಗೆ ಇದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ಮೈಲುತುತ್ತ, ಸುಣ್ಣ ಕಲಸಿಟ್ಟು, ಮರ ಹತ್ತುವ ಕೊನೆಗಾರನನ್ನು ಜಗುಲಿಯಲ್ಲಿ ಕೂರಿಸಿಕೊಂಡು, ಮಳೆ ಯಾವಾಗ ಹೊಳವಾಗುತ್ತದೋ ಎಂದು ಪಡುವಣ ಗುಡ್ಡದ ಮೇಲೆ ಕಣ್ಣಿಟ್ಟು ಕಾಯುತ್ತೇವಲ್ಲ, ಮಳೆಗಾಲದ ಚಂದ್ರಗ್ರಹಣಕ್ಕೂ ಅಷ್ಟೇ ಕೆಲಸ. ರಾತ್ರಿ ಹೊತ್ತು ಮಾಡಬೇಕು, ಅಷ್ಟೇ ವ್ಯತ್ಯಾಸ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. 2018ರ ಜುಲೈ 27ರ ಗ್ರಹಣ ಈ ಶತಮಾನದಲ್ಲೇ ದೀರ್ಘವಾದದ್ದು, ಚಂದ್ರ ಪೂರ್ತಿ ಮುಚ್ಚಿಹೋಗುವ ಖಗ್ರಾಸವೇ 103 ನಿಮಿಷ. ಪುಷ್ಯ ಮಳೆ ಬೇರೆ. ಹನ್ನೆರಡಕ್ಕೆ ಎದ್ದು, ಹೆಂಚಿನ ಮೇಲೆ ಸುರಿಯುವ ಸದ್ದು ಕೇಳಿ, ಬೈದುಕೊಂಡು ಮತ್ತೆ ಮಲಗಿದೆ. ಬೆಳಿಗ್ಗೆ ಡೈರಿಯ ಹತ್ತಿರ ಪಕ್ಕದ ಮನೆಯವರು, "ದನ ಕರು ಹಾಕ್ತಿತ್ತು ಅಂತ ಎದ್ದಿದ್ದೆ ಮಾರಾಯ್ರೆ, ಎರಡು ಗಂಟೆಗೆ ಕೆಂಪಗೆ ಕಾಣ್ತು" ಅಂದರು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಹಾಗಾಗಿ 2025ರ ಸೆಪ್ಟೆಂಬರ್ 7ರ ಗ್ರಹಣಕ್ಕೆ, ಅದು ಹುಬ್ಬೆ ಮಳೆಯ ಕಾಲ, ತಯಾರಿ ಮಾಡಿಕೊಂಡೇ ಕೂತೆ.

ಮೊದಲು ವೇಳೆ ಬರೆದುಕೊಳ್ಳಿ. ಅವತ್ತು ರಾತ್ರಿ 9.57ಕ್ಕೆ ಸ್ಪರ್ಶ, 11.01ಕ್ಕೆ ಪೂರ್ತಿ ಮುಚ್ಚಿತು, 12.23ಕ್ಕೆ ಅಂಚು ಬಿಟ್ಟಿತು, 1.26ಕ್ಕೆ ಮೋಕ್ಷ. ಒಟ್ಟು ಮೂರೂವರೆ ಗಂಟೆ. ಸೂರ್ಯಗ್ರಹಣದ ಹಾಗೆ ಎರಡು ನಿಮಿಷ ತಪ್ಪಿದರೆ ಮುಗಿಯಿತು ಎನ್ನುವಂಥದ್ದಲ್ಲ ಇದು. ಮೂರೂವರೆ ಗಂಟೆಯಲ್ಲಿ ಮೋಡ ಐದು ನಿಮಿಷ ಬಿರಿದರೂ ಸಾಕು. ಪಂಚಾಂಗದವರು ಲೆಕ್ಕಕ್ಕೇ ತೆಗೆದುಕೊಳ್ಳದ ತೆಳು ನೆರಳು ಒಂಬತ್ತಕ್ಕೇ ಶುರುವಾಗಿತ್ತು. ಅದು ಕಣ್ಣಿಗೆ ಕಾಣುವುದು ಕಷ್ಟ, ಆ ಒಂದು ಗಂಟೆ ಧಾರಾಳವಾಗಿ ನಿದ್ದೆ ಮಾಡಿ.

ಜಾಗದ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಗುಡ್ಡ ಹತ್ತುವುದು. ಕುಂದಾದ್ರಿಗೆ ಹೋಗೋಣ ಅಂತ ಹುಡುಗರು ಕುಣಿಯುತ್ತಾರೆ. ಮಳೆಗಾಲದಲ್ಲಿ ಮೋಡ ಕೂರುವುದೇ ಗುಡ್ಡದ ತಲೆಯ ಮೇಲೆ, ಹತ್ತಿದರೆ ನೀವೇ ಮೋಡದೊಳಗೆ. ಕಡಲ ಗಾಳಿ ಘಾಟಿ ಏರುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ, ಆಚೆ ಇಳಿಯುವಾಗ ಮೋಡ ಕರಗುತ್ತದೆ. ಆಗುಂಬೆಯ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ಮೀರುತ್ತದೆ, ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಇಲ್ಲ. ಆದ್ದರಿಂದ ಮೂಡಣ ಸೀಮೆಯಲ್ಲಿ, ಅಂದರೆ ಭದ್ರಾವತಿಯಲ್ಲೋ ಹೊನ್ನಾಳಿಯಲ್ಲೋ, ನೆಂಟರ ಮನೆ ತಾರಸಿ ಇದ್ದರೆ ಸಂಜೆಯೇ ಬಸ್ಸು ಹತ್ತಿ. ನನಗೆ ಹಾಲು ಕರೆಯುವುದಿತ್ತು, ಆಗಲಿಲ್ಲ.

ಹೊರಡುವ ಮುಂಚೆ ಹವಾಮಾನ ಇಲಾಖೆಯ ಉಪಗ್ರಹ ಚಿತ್ರ ನೋಡಿ. ರಾತ್ರಿಯ ಚಿತ್ರ ತೆಗೆಯುವುದು ಬೆಳಕಿನಿಂದಲ್ಲ, ಶಾಖದಿಂದ. ಬೆಳ್ಳಗೆ ಕಂಡದ್ದು ಎತ್ತರದ ತಣ್ಣನೆ ಮೋಡ. ಕೆಳಗೆ ತೇಲುವ ಮೋಡ ನೆಲದಷ್ಟೇ ಬೆಚ್ಚಗಿರುವುದರಿಂದ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಚಿತ್ರದಲ್ಲಿ ಖಾಲಿ, ಹೊರಗೆ ಬಂದರೆ ಕಂಬಳಿ ಹೊದ್ದ ಆಕಾಶ! ಆಮೇಲಿನದು ನಿಮ್ಮ ಕಣ್ಣೇ. ಮಳೆಗಾಲದ ಕೆಳಮೋಡ ಹೆಚ್ಚಾಗಿ ಪಡುವಣದಿಂದ ಬರುತ್ತದೆ. ಚಂದ್ರ ನೆತ್ತಿಯ ಹತ್ತಿರ ಇದ್ದರೂ ನೀವು ನೋಡಬೇಕಾದ್ದು ಪಶ್ಚಿಮಕ್ಕೆ. ಅಲ್ಲಿ ನಾಲ್ಕು ನಕ್ಷತ್ರ ಕಂಡವೋ, ಬಿರುಕು ಬರುತ್ತಿದೆ ಅಂತ ಅರ್ಥ, ಮಲಗಿದವರನ್ನು ಎಬ್ಬಿಸಿ.

ಇನ್ನೊಂದು ಮುಖ್ಯ ಮಾತು. ತೆಳು ಮೋಡದ ಮೂಲಕ ಹುಣ್ಣಿಮೆ ಚಂದ್ರ ಚೆನ್ನಾಗಿಯೇ ಕಾಣುತ್ತಾನೆ, ಅರ್ಧ ಕಚ್ಚಿದ ಚಂದ್ರನೂ ಕಾಣುತ್ತಾನೆ. ಪೂರ್ತಿ ಮುಚ್ಚಿದ ಮೇಲೆ ಹಾಗಲ್ಲ. ಆಗ ಅವನ ಬೆಳಕು ಹತ್ತು ಸಾವಿರದಲ್ಲಿ ಒಂದು ಪಾಲಿಗೂ ಇಳಿಯಬಹುದು, ತೆಳು ಪರದೆಯೂ ನುಂಗಿಬಿಡುತ್ತದೆ. ಆ ಹೊತ್ತಿಗೆ ಏನೂ ಕಾಣದಿದ್ದರೆ ಮೋಡವೋ ಚಂದ್ರನೇ ಕಪ್ಪಾದನೋ ಎಂದು ತಿಳಿಯಲು ಅಕ್ಕಪಕ್ಕದ ನಕ್ಷತ್ರ ಹುಡುಕಿ. ಅವತ್ತು ಚಂದ್ರನಿಂದ ಸ್ವಲ್ಪ ಪೂರ್ವಕ್ಕೆ ಶನಿ ಇತ್ತು, ನನಗೆ ಅದೇ ಗುರುತು. ಭೂಮಿಯ ವಾತಾವರಣ ಸೋಸಿ ಬಗ್ಗಿಸಿದ ಕೆಂಪು ಬೆಳಕಷ್ಟೇ ಆಗ ಚಂದ್ರನಿಗೆ ಸಿಗುವುದು, ಗಾಳಿಯಲ್ಲಿ ಧೂಳಿದ್ದರೆ ಅದೂ ಇಲ್ಲ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದ ಮೇಲೆ 1992ರ ಡಿಸೆಂಬರಿನ ಗ್ರಹಣದಲ್ಲಿ ಚಂದ್ರ ಹುಡುಕಿದರೂ ಸಿಗದಷ್ಟು ಕಪ್ಪಾಗಿದ್ದ.

ಸಾಮಾನು ಹೆಚ್ಚು ಬೇಡ. ಬೈನಾಕ್ಯುಲರ್ ಇದ್ದರೆ ಕಂಬಳಿಯೊಳಗೆ ಬೆಚ್ಚಗಿಟ್ಟುಕೊಳ್ಳಿ. ಹೊರಗೆ ಬಿಟ್ಟರೆ ಗಾಜು ಇಬ್ಬನಿ ಹಿಡಿದು, ನೀವು ಒರೆಸುವಷ್ಟರಲ್ಲಿ ಬಿರುಕು ಮುಚ್ಚಿರುತ್ತದೆ. ಅಂಗಳದ ಪಾಚಿ ಸಂಜೆಯೇ ಕೆರೆದಿಡಿ, ಆಕಾಶ ನೋಡುತ್ತಾ ನಡೆಯುವವರು ಜಾರಿ ಬೀಳುವುದು ಖಂಡಿತ. ಕಾಲಿಗೆ ಹತ್ತುವ ಉಂಬಳಕ್ಕೆ, ಅಂದರೆ ಜಿಗಣೆಗೆ, ಸುಣ್ಣ. ಮೊಬೈಲಿನಲ್ಲಿ ಫೋಟೊ ತೆಗೆಯಲು ಒದ್ದಾಡಬೇಡಿ, ಬಿಳಿ ಚುಕ್ಕೆ ಬರುತ್ತದೆ ಅಷ್ಟೇ.

ನಿದ್ದೆಗೆ ನನ್ನ ಉಪಾಯ ಅಮ್ಮ. ಅಮ್ಮ ಮಧ್ಯಾಹ್ನ ಹನ್ನೆರಡೂವರೆಗೇ ಊಟ ಮುಗಿಸಿ, ಉಪ್ಪಿನಕಾಯಿ ಭರಣಿಗೂ ದರ್ಭೆ ಇಟ್ಟು, ಮೋಕ್ಷದ ಸ್ನಾನಕ್ಕೆ ಬಚ್ಚಲೊಲೆಗೆ ಬೆಂಕಿ ಹಾಕಿಕೊಂಡು ಎಚ್ಚರವಾಗಿಯೇ ಇರುತ್ತಾರೆ. ಗ್ರಹಣ ನೋಡುವುದಿಲ್ಲ, ನೋಡುವ ನನ್ನನ್ನು ನೋಡುತ್ತಾರೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎಬ್ಬಿಸು ಎಂದರೆ ಅಲಾರಂಗಿಂತ ಚೆನ್ನಾಗಿ ಎಬ್ಬಿಸಿದರು. ಕಷಾಯ ಕೇಳಿದ್ದಕ್ಕೆ ಬೈಗುಳ ಸಿಕ್ಕಿತು, ಫ್ಲಾಸ್ಕನ್ನು ಮೊದಲೇ ಕೊಟ್ಟಿಗೆಯಲ್ಲಿ ಅಡಗಿಸಿಟ್ಟುಕೊಳ್ಳಬೇಕಿತ್ತು.

11.40ಕ್ಕೆ ಪಡುವಣದಲ್ಲಿ ನಕ್ಷತ್ರ ಕಂಡವು. 11.52ಕ್ಕೆ ಬಿರುಕು ತೋಟದ ಮೇಲೆ ಬಂತು. ಹಣ್ಣಡಿಕೆಯ ಸಿಪ್ಪೆ ಒಣಗುವ ಮುಂಚಿನ ಬಣ್ಣ, ಮೇಲಿನ ಅಂಚಿನಲ್ಲಿ ಸ್ವಲ್ಪ ಕಪ್ಪು. ಏಳು ನಿಮಿಷ. ಆಮೇಲೆ ಮೋಕ್ಷದವರೆಗೂ ಬರೀ ಮೋಡ.

ಮುಂದಿನವು: 2028ರ ಜುಲೈ 6ರ ರಾತ್ರಿ ಖಂಡಗ್ರಾಸ, ಪುನರ್ವಸು ಮಳೆಯ ಕಾಲ, ಮೇಲೆ ಹೇಳಿದ್ದೆಲ್ಲ ಬೇಕಾಗುತ್ತದೆ. ಅದೇ ವರ್ಷ ಡಿಸೆಂಬರ್ 31ಕ್ಕೆ ಖಗ್ರಾಸ, 71 ನಿಮಿಷ, ರಾತ್ರಿ ಎಂಟೂವರೆ ದಾಟಿದ ಮೇಲೆ ಸ್ಪರ್ಶ, ಹೊಸ ವರ್ಷ ಹುಟ್ಟಿ ಕೆಲವೇ ನಿಮಿಷಕ್ಕೆ ಮೋಕ್ಷ. ಮಳೆ ಇರುವುದಿಲ್ಲ, ಅಡಿಕೆ ಸುಲಿಯುವವರು ಹೇಗೂ ಚಪ್ಪರದ ಕೆಳಗೆ ಎಚ್ಚರವಾಗಿರುತ್ತಾರೆ. ಅಮ್ಮನಿಗೆ ಹೇಳಿದೆ. "ಹನ್ನೆರಡಕ್ಕೇ ಸ್ನಾನ ಆಗೋಗುತ್ತಲ್ಲ, ಅದೇ ಒಳ್ಳೇದು" ಅಂದರು.