ಜಮೋರಾದಲ್ಲಿ ಊರಿನ ವೇಳೆಗೆ ಹೊಂದಿಕೊಂಡು

ಸ್ಪೇನಿಗೆ ಹೊರಡುವವರ ಪಟ್ಟಿಯಲ್ಲಿ ಮ್ಯಾಡ್ರಿಡ್, ಬಾರ್ಸಿಲೋನಾ, ಗ್ರಾನಡಾಗಳು ತಪ್ಪುವುದಿಲ್ಲ; ಸ್ವಲ್ಪ ಹೆಚ್ಚು ಸಮಯವಿದ್ದವರು ಸಲಮಾಂಕಾಕ್ಕೂ ಹೋಗಿಬರುತ್ತಾರೆ. ಅಲ್ಲಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿ, ಡುಯೆರೊ ನದಿಯ ದಂಡೆಯ ಮೇಲಿರುವ ಜಮೋರಾದತ್ತ ತಿರುಗುವವರು ಕಡಿಮೆ. ನಾನು ಆ ಊರನ್ನು ಆರಿಸಿಕೊಂಡದ್ದು ಅಲ್ಲಿನ ರೊಮಾನೆಸ್ಕ್ ಶೈಲಿಯ (ದಪ್ಪ ಗೋಡೆ, ಅರ್ಧವೃತ್ತದ ಕಮಾನುಗಳ ಮಧ್ಯಯುಗದ ಶೈಲಿ) ಚರ್ಚುಗಳಿಗಾಗಿ. ಸುಮಾರು 60,000 ಜನರಿರುವ ಈ ಪುಟ್ಟ ನಗರದಲ್ಲಿ ಹೆಚ್ಚಾಗಿ ಹನ್ನೆರಡು ಮತ್ತು ಹದಿಮೂರನೆಯ ಶತಮಾನಗಳಲ್ಲಿ ಕಟ್ಟಿದ ಅಂಥ ಚರ್ಚುಗಳು ಇಪ್ಪತ್ತಕ್ಕೂ ಹೆಚ್ಚಿವೆ.

ಮ್ಯಾಡ್ರಿಡ್‌ನ ಚಮಾರ್ಟಿನ್ ನಿಲ್ದಾಣದಿಂದ ವೇಗದ ರೈಲು ಒಂದು–ಒಂದೂವರೆ ಗಂಟೆಯಲ್ಲಿ ಜಮೋರಾ ತಲುಪಿಸುವುದರಿಂದ, ಬೆಳಿಗ್ಗೆ ಹೋಗಿ ಸಂಜೆ ಮರಳಬಹುದೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಇಲ್ಲಿನ ಚರ್ಚುಗಳು ಸಾಮಾನ್ಯವಾಗಿ ಬೆಳಿಗ್ಗೆ ಕೆಲವು ಗಂಟೆ ತೆರೆದಿದ್ದು, ಮಧ್ಯಾಹ್ನದ ಊಟದ ಹೊತ್ತಿಗೆ ಮುಚ್ಚಿ, ಸಂಜೆ ಮತ್ತೆ ತೆರೆಯುತ್ತವೆ. ವಾರದಲ್ಲಿ ಒಂದೆರಡು ದಿನ ಕೆಲವು ಮುಚ್ಚಿಯೇ ಇರುತ್ತವೆ. ಆದ್ದರಿಂದ ಹಳೆಯ ಊರಿನಲ್ಲೇ ಕೋಣೆ ಹಿಡಿದು ರಾತ್ರಿ ತಂಗಿದೆ. ಮೊದಲು ಪ್ರವಾಸಿ ಮಾಹಿತಿ ಕೇಂದ್ರಕ್ಕೆ ಹೋಗಿ ಆ ವಾರದ ವೇಳಾಪಟ್ಟಿಯನ್ನು ಪಡೆದು, ಅದರ ಪ್ರಕಾರ ನಡಿಗೆಯ ದಾರಿಯನ್ನು ಗುರುತು ಮಾಡಿಕೊಂಡೆ. ಈಸ್ಟರ್ ಹಿಂದಿನ ಪವಿತ್ರ ವಾರದಲ್ಲಿ ಮಾತ್ರ ಇಲ್ಲಿನ ಪ್ರಸಿದ್ಧ ಮೆರವಣಿಗೆಗಳಿಗಾಗಿ ಊರು ಕಿಕ್ಕಿರಿಯುತ್ತದೆ. ನೆಮ್ಮದಿಯಿಂದ ನೋಡಬಯಸುವವರು ಆ ವಾರವನ್ನು ಬಿಡುವುದೇ ಒಳ್ಳೆಯದು.

ನನ್ನ ಹೆಚ್ಚಿನ ಸಮಯ ಕ್ಯಾಥೆಡ್ರಲ್‌ಗೇ ಹೋಯಿತು. 1151ರಲ್ಲಿ ಆರಂಭವಾಗಿ ಎರಡು ದಶಕಗಳ ಆಸುಪಾಸಿನಲ್ಲಿ ಬಹುಪಾಲು ಮುಗಿದ ಈ ಕಟ್ಟಡದ ಗುಮ್ಮಟಕ್ಕೆ ಹದಿನಾರು ಕಿಟಕಿಗಳಿದ್ದು, ಹೊರಮೈಯನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಬರುವ ಕಲ್ಲಿನ ಹೆಂಚುಗಳು ಮುಚ್ಚಿವೆ. ಒಳಗೆ ನಿಂತು ತಲೆಯೆತ್ತಿದರೆ, ಅಷ್ಟು ಭಾರದ ಕಲ್ಲನ್ನು ಹೊತ್ತ ಏಣುಗಳ ನಡುವಿನಿಂದ ಬೆಳಕು ಸುತ್ತಲೂ ಇಳಿಯುವುದು ಕಾಣುತ್ತದೆ. ಇದೇ ಬಗೆಯ ಗುಮ್ಮಟ ಸಲಮಾಂಕಾದ ಹಳೆಯ ಕ್ಯಾಥೆಡ್ರಲ್‌ನಲ್ಲೂ ಇದೆಯಾದರೂ, ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಜಮೋರಾದ್ದೇ. ಕ್ಯಾಥೆಡ್ರಲ್‌ನ ವಸ್ತುಸಂಗ್ರಹಾಲಯದಲ್ಲಿ ಟ್ರಾಯ್ ಯುದ್ಧದ ಕಥೆಯನ್ನು ನೇಯ್ದ ಫ್ಲ್ಯಾಂಡರ್ಸ್‌ನ ಬೃಹತ್ ಚಿತ್ರಪಟಗಳಿವೆ. ಅವುಗಳನ್ನು ನೋಡಲು ಪ್ರತ್ಯೇಕವಾಗಿ ಹೊತ್ತು ಮೀಸಲಿಡಬೇಕು.

ಪಕ್ಕದ ಕೋಟೆಯ ಸಮೀಪ ಗೋಡೆಯಲ್ಲೊಂದು ಸಣ್ಣ ಬಾಗಿಲಿದೆ. 1072ರಲ್ಲಿ ರಾಜ ಎರಡನೆಯ ಸಾಂಚೊ ತನ್ನ ಅಕ್ಕ ಉರ್ರಾಕಾಳ ವಶದಲ್ಲಿದ್ದ ಈ ಊರಿಗೆ ಮುತ್ತಿಗೆ ಹಾಕಿದ್ದಾಗ ಅವನನ್ನು ಕೊಂದ ವೆಲ್ಲಿಡೊ ಡೊಲ್ಫೋಸ್ ಇದೇ ಬಾಗಿಲಿನಿಂದ ಒಳಗೆ ನುಸುಳಿದನೆಂದು ಐತಿಹ್ಯ ಹೇಳುತ್ತದೆ. ಅಲ್ಲಿಂದ ಕೆಳಗಿಳಿದರೆ ಒಲಿವಾರೆಸ್ ಬಡಾವಣೆ ಸಿಗುತ್ತದೆ. ಸಾನ್ ಕ್ಲಾಡಿಯೊ ಚರ್ಚಿನ ಕಂಬಗಳ ಬೋದಿಗೆ ಶಿಲ್ಪ, ನೀರಿನ ಬಲದಿಂದ ತಿರುಗುತ್ತಿದ್ದ ಹಳೆಯ ಗಿರಣಿಗಳು, ನದಿಯಾಚೆಯಿಂದ ಕಾಣುವ ಊರಿನ ನೋಟ, ಇವನ್ನೆಲ್ಲ ನಡೆದುಕೊಂಡೇ ನೋಡಿದೆ.

ಸಸ್ಯಾಹಾರಿಗಳಿಗೆ ಊಟದ ವಿಷಯದಲ್ಲಿ ಮುಂಜಾಗ್ರತೆ ಬೇಕು. ಜಮೋರಾದ ಹೆಸರಾಂತ ಅನ್ನದ ಅಡುಗೆಗೂ ಹಂದಿಮಾಂಸ ಬೀಳುತ್ತದೆ. ಬೆಳ್ಳುಳ್ಳಿ ಸಾರಿನಲ್ಲಿ ಹ್ಯಾಮ್ ಇರಬಹುದು. ತರಕಾರಿ ಸ್ಯಾಂಡ್‌ವಿಚ್ ಎಂದು ಕೊಡುವುದರಲ್ಲಿ ಟ್ಯೂನಾ ಮೀನು ಇರುವುದುಂಟು. ಮಾಂಸ ಬೇಡವೆಂದಷ್ಟೇ ಹೇಳದೆ ಹ್ಯಾಮ್, ಟ್ಯೂನಾ ಎರಡನ್ನೂ ಹೆಸರಿಸಿ ಬೇಡವೆಂದು ಸ್ಪ್ಯಾನಿಷ್‌ನಲ್ಲಿ ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್ ಆದ ತೊರ್ತಿಯಾ ಎಲ್ಲೆಡೆ ಸಿಗುತ್ತದೆ. ಇಲ್ಲಿನ ಕುರಿಹಾಲಿನ ಚೀಸ್ ಬಹಳ ರುಚಿಯಾದದ್ದು, ಆದರೆ ಹಾಲನ್ನು ಒಡೆಸಲು ಪ್ರಾಣಿಜನ್ಯ ರೆನೆಟ್ ಬಳಸುವುದರಿಂದ ಕಟ್ಟುನಿಟ್ಟಿನವರು ಬಿಡಬೇಕಾಗುತ್ತದೆ. ಮಧ್ಯಾಹ್ನದ ಊಟ ಎರಡು ಗಂಟೆಯ ನಂತರ, ರಾತ್ರಿಯದು ಒಂಬತ್ತರ ಮೇಲೆ. ಜೂನ್ ತಿಂಗಳಿನಲ್ಲಿ ಸೂರ್ಯ ಮುಳುಗುವುದೇ ಹತ್ತು ಗಂಟೆಯ ಸುಮಾರಿಗಾದ್ದರಿಂದ ಈ ವೇಳೆಗೆ ಹೊಂದಿಕೊಳ್ಳುವುದು ಕಷ್ಟವಾಗಲಿಲ್ಲ.

ಬಿಡುವಿದ್ದವರು ಸುಮಾರು 20 ಕಿಲೋಮೀಟರ್ ದೂರದ ಎಲ್ ಕಾಂಪಿಯೊ ಹಳ್ಳಿಗೂ ಹೋಗಬೇಕೆಂದು ಒತ್ತಾಯಿಸಿ ಹೇಳುತ್ತೇನೆ. ಅಲ್ಲಿನ ಸಾನ್ ಪೆದ್ರೊ ದೆ ಲಾ ನಾವೆ ಅರಬರು ಬರುವ ಮುನ್ನ ಸ್ಪೇನನ್ನು ಆಳಿದ ವಿಸಿಗೋಥರ ಕಾಲದ ಚರ್ಚು. ಎಸ್ಲಾ ನದಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಲಿದ್ದ ಅದನ್ನು 1930ರಿಂದ 1932ರವರೆಗೆ ಕಲ್ಲು ಕಲ್ಲಾಗಿ ಬಿಚ್ಚಿ ಈಗಿರುವ ಜಾಗಕ್ಕೆ ತಂದು ಮರಳಿ ಜೋಡಿಸಿದರು. ಸಿಂಹಗಳ ನಡುವೆ ನಿಂತ ಬೈಬಲ್ಲಿನ ಪ್ರವಾದಿ ಡೇನಿಯಲ್‌ನನ್ನು ಕೆತ್ತಿದ ಬೋದಿಗೆ ಅಲ್ಲಿದೆ. ನಾನು ಟ್ಯಾಕ್ಸಿ ಹಿಡಿದು, ಕಾಯುವ ಸಮಯಕ್ಕೂ ಸೇರಿಸಿ ಬಾಡಿಗೆಯನ್ನು ಮೊದಲೇ ಮಾತಾಡಿಕೊಂಡೆ. ಬಾಗಿಲು ತೆರೆದಿರುವ ವೇಳೆಯನ್ನು ಹೊರಡುವ ಮುನ್ನ ಜಮೋರಾದಲ್ಲಿಯೇ ವಿಚಾರಿಸಿಕೊಂಡಿದ್ದೆ.